ಪ್ಲೇಗಿಗಿಂತ ಮೊದಲು: ಬೆಂಗಳೂರಿನ ನಗರ ಆರೋಗ್ಯಾಡಳಿತದ ಮೂಲ ಕುರಿತು

ಬೆಂಗಳೂರಿನಲ್ಲಿ ಸಾರ್ವಜನಿಕ ಆರೋಗ್ಯದ ಆಡಳಿತ ಹುಟ್ಟಿದ್ದು 1898ರ ಪ್ಲೇಗಿನಿಂದ, ಬಸವನಗುಡಿ ಮತ್ತು ಮಲ್ಲೇಶ್ವರಗಳು ಆ ಮಾರಿಯ ಮಕ್ಕಳು ಎಂಬ ಮಾತು ನಗರ ಚರಿತ್ರೆಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಪೇಟೆ (ಹಳೆಯ ನಗರ) ಮತ್ತು ದಂಡು (ಕಂಟೋನ್ಮೆಂಟ್) ಎರಡಕ್ಕೂ 1862ರಲ್ಲಿ ಪುರಸಭೆಗಳು ಬಂದದ್ದು, 1881ರ ನಂತರ ದಂಡು ಬ್ರಿಟಿಷರ ನೇರ ಆಡಳಿತದಲ್ಲಿಯೇ ಉಳಿದದ್ದು, 1949ರಲ್ಲಿ ಎರಡೂ ಒಂದಾದದ್ದು ನಿರ್ವಿವಾದ. ತಕರಾರು ಇರುವುದು ಪ್ಲೇಗಿನ ಪಾತ್ರದ ಬಗ್ಗೆ ಮಾತ್ರ.

ಮೊದಲ ಆಕ್ಷೇಪ ಕಾಲಕ್ರಮದ್ದು. ಹುಬ್ಬಳ್ಳಿ ಕಡೆಯಿಂದ ರೈಲುಮಾರ್ಗದಲ್ಲಿ ಪ್ಲೇಗು ಬೆಂಗಳೂರು ಮುಟ್ಟಿದ್ದು 1898ರ ಆಗಸ್ಟ್‌ನಲ್ಲಿ. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಯೋಜನೆಯಾದರೋ 1892ರದ್ದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದ ಹೆಸರಘಟ್ಟ ನೀರು ಸರಬರಾಜು ಕೂಡ 1894ರಲ್ಲಿ ಆರಂಭಗೊಂಡು, ಪ್ಲೇಗಿಗೆ ಮೊದಲೇ ನಗರಕ್ಕೆ ಅರ್ಕಾವತಿಯ ನೀರು ತಂದಿತ್ತು. ಕಾರ್ಯವೇ ಕಾರಣಕ್ಕಿಂತ ಮುಂಚೆ ಬರಲಾರದು.

ಎರಡನೆಯ ಆಕ್ಷೇಪ ಬಡಾವಣೆಗಳ ವಿನ್ಯಾಸದಿಂದಲೇ ಏಳುತ್ತದೆ. ನೇರವಾದ ಅಗಲ ರಸ್ತೆಗಳು, ಗಾಳಿ ಬೆಳಕಿಗೆ ಬಿಟ್ಟ ಜಾಗ, ಮಲ ಸಾಗಿಸಲು ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿ: ಇವು ಕೊಳಕು, ದುರ್ಗಂಧ, ಜನದಟ್ಟಣೆಗಳೇ ರೋಗಮೂಲ ಎಂದು ನಂಬಿದ ಕಾಲದ ಉತ್ತರಗಳು. ಇಲಿಯ ಚಿಗಟವೇ ಪ್ಲೇಗನ್ನು ಹರಡುತ್ತದೆಂದು ಫ್ರೆಂಚ್ ವೈದ್ಯ ಸಿಮಾಂಡ್ 1898ರಲ್ಲಿ ಸೂಚಿಸಿದರೂ, ಅದಕ್ಕೆ ವ್ಯಾಪಕ ಮನ್ನಣೆ ದೊರೆತದ್ದು 1905ರ ನಂತರ ಮುಂಬಯಿಯಲ್ಲಿ ನಡೆದ ಪ್ರಯೋಗಗಳ ಬಳಿಕ. ಆ ಅರಿವು ಈ ನಕ್ಷೆಗಳಲ್ಲಿ ಇರಲು ಸಾಧ್ಯವೇ ಇರಲಿಲ್ಲ.

ಹಾಗಾದರೆ ಪ್ಲೇಗು ಏನನ್ನೂ ಮಾಡಲಿಲ್ಲವೇ? ಹಾಗೆ ಹೇಳುವುದು ಅತಿಯಾದೀತು. ನನ್ನ ವಾದ ಇಷ್ಟು: ಬಹುಮಟ್ಟಿಗೆ, ಅದೂ ಪೇಟೆಯ ಮಟ್ಟಿಗೆ, ಆರೋಗ್ಯಾಡಳಿತದ ಬುನಾದಿ ನೀರು ಮತ್ತು ನೈರ್ಮಲ್ಯದ್ದು, ಪ್ಲೇಗು ಅದಕ್ಕೆ ಅವಸರವನ್ನೂ ಅಧಿಕಾರವನ್ನೂ ತಂದಿತು. ಮನೆ ತಪಾಸಣೆ, ರೋಗಿಗಳ ಪ್ರತ್ಯೇಕತೆ, ಮನೆ ಖಾಲಿ ಮಾಡಿಸುವಿಕೆ ಇವೆಲ್ಲ ಆಗ ಜನರ ಹೊಸ್ತಿಲು ದಾಟಿದವು. ಕಾಗದದ ಮೇಲಿದ್ದ ಬಡಾವಣೆಗಳಿಗೆ ಜನ ಹೊರಟದ್ದಕ್ಕೂ ಆ ಭಯವೇ ಒಂದು ಕಾರಣವಿರಬಹುದು. ಪ್ಲೇಗಿನ ನಂತರ ರೂಪುಗೊಂಡ ದಂಡಿನ ಫ್ರೇಜರ್ ಟೌನ್‌ಗೆ ಈ ವಾದ ಅದೇ ಬಲದಿಂದ ಅನ್ವಯಿಸದು.

ಈ ವ್ಯತ್ಯಾಸ ಕೇವಲ ತಾರೀಖಿನ ಜಗಳವಲ್ಲ. ಮಾರಿಯಿಂದಲೇ ಸುಧಾರಣೆ ಎಂದು ನಂಬಿದರೆ, ಮಾರಿ ಬರುವ ತನಕ ಕಾಯುವುದೇ ನೀತಿಯಾಗುತ್ತದೆ. ಆದರೆ ಈ ಸುಧಾರಣೆಯಿಂದ ಪೇಟೆಯ ಬಡವರಲ್ಲಿ ಎಷ್ಟು ಮಂದಿಗೆ ಹೊಸ ನಿವೇಶನ ದಕ್ಕಿತು ಎಂಬ ಪ್ರಶ್ನೆ ಇನ್ನೂ ತೆರೆದೇ ಇದೆ. ಅದಕ್ಕೆ ಉತ್ತರ ಹುಡುಕಲು ಪುರಸಭೆಯ ನಿವೇಶನ ಹಂಚಿಕೆ, ಮನೆ ಪರವಾನಗಿ, ಮರಣ ನೋಂದಣಿಯ ಹಳೆಯ ಪುಸ್ತಕಗಳನ್ನು ಒಟ್ಟಿಗಿಟ್ಟು ಓದಬೇಕು; ಉಳಿದಿರುವಷ್ಟನ್ನು ಗೆದ್ದಲಿನಿಂದ ಕಾಪಾಡುವುದು ನಗರಾಡಳಿತದ ಹೊಣೆ.