ಒಂದು ಮಣ ಎಂದರೆ ಎಷ್ಟು?

ಇಂಗ್ಲಿಷ್ ನಿಘಂಟಿನಲ್ಲಿ 'ಮೌಂಡ್' ಎಂಬ ಪದವಿದೆ. ಈಗ ಇಂಗ್ಲಿಷಿನವರೇ ಅದನ್ನು ಹೆಚ್ಚು ಬಳಸುವುದಿಲ್ಲ. ಅದರ ಒಂದು ಹಳೆಯ ಅರ್ಥ ಕೈಬುಟ್ಟಿ. ಇನ್ನೊಂದು ಅರ್ಥ ನಮ್ಮ 'ಮಣ'. ಬರೆಯುವಾಗ ಒಂದೇ ಆದರೂ ಮೂಲ ಬೇರೆ. ಬುಟ್ಟಿಯ ಪದ ಅವರದೇ. ತೂಕದ ಪದ ಪೂರ್ವದಿಂದ ಹೋದದ್ದು. ಬ್ಯಾಬಿಲೋನಿನ 'ಮನೂ', ಹೀಬ್ರೂವಿನ 'ಮಾನೆ', ಅರಬಿಯ 'ಮನ್ನ್', ಪಾರಸಿಯ 'ಮನ್' ಎಲ್ಲವೂ ಒಂದೇ ಕುಟುಂಬದವು. ಪೋರ್ಚುಗೀಸರ ಬಾಯಿ ದಾಟಿ ಅದು ಇಂಗ್ಲಿಷರ ಲೆಕ್ಕಪುಸ್ತಕ ಸೇರಿತು.

ಮಣಕ್ಕೆ 40 ಸೇರು ಎಂದು ಉಪ್ಪ ಅಂಗಡಿಯಲ್ಲಿ ನನಗೆ ಬಾಯಿಪಾಠ ಮಾಡಿಸಿದ್ದರು. ಈ 40 ಬಹುತೇಕ ಕಡೆ ಒಂದೇ. ಬದಲಾಗುವುದು ಸೇರು. ಮದ್ರಾಸಿನ ಕಚ್ಚಾ ಸೇರು 24 ತೊಲ. ಹಾಗಾಗಿ ಅಲ್ಲಿನ ಮಣ 25 ಪೌಂಡು, ಅಂದರೆ 11.34 ಕಿಲೋ. ಬೊಂಬಾಯಿಯ ಮಣ 28 ಪೌಂಡು. ಮಂಗಳೂರು ಮದ್ರಾಸ್ ಪ್ರಾಂತ್ಯದಲ್ಲಿದ್ದರೂ ನಮ್ಮ ಪೇಟೆಯ ಮಣ ಬೊಂಬಾಯಿಯಂತೆ ಸುಮಾರು 28 ಪೌಂಡು. 1833ರಲ್ಲಿ ಕಂಪೆನಿ ಸರಕಾರ ಬಂಗಾಳದಲ್ಲಿ 80 ತೊಲದ ಪಕ್ಕಾ ಸೇರನ್ನು ನಿಗದಿ ಮಾಡಿತು. ಆ ಮಣ 37.32 ಕಿಲೋ. ಮುಂದೆ ರೈಲ್ವೆಯೂ ಅದನ್ನೇ ಹಿಡಿಯಿತು.

ಇದರ ಬಿಸಿ ಯಾರಿಗೆ ತಟ್ಟುತ್ತಿತ್ತು ಎಂದು ತಿಳಿಯಲು ಮಡಕಶಿರದ ನಕ್ಷೆ ನೋಡಬೇಕು. ವೇ ಬ್ರಿಜ್ ರಿಪೇರಿ ಕೆಲಸಕ್ಕೆ ನಾನು ಆ ಕಡೆ ಹೋಗುವುದುಂಟು. ಆಗ ಅನಂತಪುರ ಜಿಲ್ಲೆಗೆ ಸೇರಿದ್ದ ಈ ತಾಲೂಕು ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆದರೆ ಸುತ್ತ ಪಾವಗಡ, ಸಿರಾ, ಮಧುಗಿರಿ, ಎಲ್ಲ ಮೈಸೂರು ಸಂಸ್ಥಾನ. ಪೂರ್ವಕ್ಕೆ ಮಾತ್ರ ಹಿಂದೂಪುರ. ಗಡಿಯ ಎರಡೂ ಕಡೆ ಕನ್ನಡವೇ, ಮಾತಿನಲ್ಲಿ ಮಣವೇ. ಆದರೆ ಮೈಸೂರಿನ ಕಚ್ಚಾ ಮಣ 24 ಪೌಂಡಿನ ಆಸುಪಾಸು. ಸರಕು ಹಿಂದೂಪುರದ ಸ್ಟೇಷನ್‌ಗೆ ಬಂದರೆ ಅಲ್ಲಿ ಪಕ್ಕಾ ಮಣ. ಮೂರೂ ಕಾಲು ಕಚ್ಚಾ ಮಣ ಹಾಕಿದರೂ ಒಂದು ಪಕ್ಕಾ ಮಣ ತುಂಬುವುದಿಲ್ಲ. ಈ ಲೆಕ್ಕ ಗೊತ್ತಿದ್ದವನಿಗೆ ಲಾಭ, ಗೊತ್ತಿಲ್ಲದ ರೈತನಿಗೆ ನಷ್ಟ. ತಕ್ಕಡಿಯಲ್ಲಿ ಮೋಸವಿಲ್ಲದೆಯೂ ಮಾತಿನಲ್ಲೇ ಮೋಸ ನಡೆಯಬಹುದಿತ್ತು. 1956ರ ತೂಕ ಮತ್ತು ಅಳತೆ ಕಾಯ್ದೆಯ ಮೂಲಕ 1958ರಿಂದ ಕಿಲೋ ಜಾರಿಗೆ ಬಂದದ್ದು ಇಂಥ ಗೊಂದಲ ತಪ್ಪಿಸಲು.

ನಮ್ಮ ಮನೆಗಳಿಗೂ ಇದು ಸಂಬಂಧಪಟ್ಟ ವಿಷಯವೇ. ಶಾಫಿ ಫಿಕ್‌ಹ್ ಗ್ರಂಥಗಳಲ್ಲಿ ಧಾನ್ಯದ ಝಕಾತಿನ ನಿಸಾಬ್ 5 ವಸಕ್, ಅಂದರೆ 1600 ಬಗ್ದಾದ್ ರತ್ಲ್. ಎರಡು ರತ್ಲಿಗೆ ಒಂದು ಮನ್ನ್, ಹಾಗಾಗಿ 800 ಮನ್ನ್. ಈಗಿನ ಲೆಕ್ಕದಲ್ಲಿ ಸುಮಾರು 650 ಕಿಲೋ. ಯಾರಾದರೂ ಆ 'ಮನ್ನ್' ಅನ್ನು ರೈಲ್ವೆಯ ಮಣ ಎಂದು ಓದಿದರೆ ಸುಮಾರು 30,000 ಕಿಲೋ ಆಗುತ್ತದೆ! ಬಡವರ ಹಕ್ಕು ಒಂದು ಪದದ ಅರ್ಥದಲ್ಲಿ ಕಳೆದುಹೋದೀತು.

ಹಿರಿಯರ ಹಳೆಯ ಲೆಕ್ಕಪುಸ್ತಕ ಮನೆಯಲ್ಲಿದ್ದರೆ ತೆಗೆದು ನೋಡಿ. 'ಮಣ' ಎಂದು ಕಂಡರೆ ಕೂಡಲೇ ಕಿಲೋಗೆ ತಿರುಗಿಸಬೇಡಿ. ಯಾವ ಊರು, ಯಾವ ವರ್ಷ, ಎಷ್ಟು ತೊಲದ ಸೇರು ಎಂಬುದನ್ನು ಮೊದಲು ವಿಚಾರಿಸಿ.