ಸಲಾಡ್‌ಗಳಲ್ಲಿ ಬೆಳ್ಳುಳ್ಳಿಯ ಹದ

ಹಸಿ ಸೊಪ್ಪು ತರಕಾರಿಗಳ ಸಲಾಡಿಗೆ ಬೆಳ್ಳುಳ್ಳಿಯ ಘಾಟು ಹತ್ತದಂತೆ ಘಮವನ್ನಷ್ಟೇ ಕೊಡುವ ರೂಢಿ ದಕ್ಷಿಣ ಫ್ರಾನ್ಸ್, ಇಟಲಿ, ಸ್ಪೇನ್ ಮೊದಲಾದ ಮೆಡಿಟರೇನಿಯನ್ ಸೀಮೆಯ ಅಡುಗೆಗಳಲ್ಲಿ ಬೇರೂರಿದೆ. ಎಷ್ಟು ಎಸಳು ಹಾಕಬೇಕು ಎಂಬುದಕ್ಕಿಂತ ಎಸಳನ್ನು ಹೇಗೆ ಒಡೆಯಬೇಕು, ಒಡೆದ ಮೇಲೆ ಯಾವುದರ ಜೊತೆ ಇಡಬೇಕು ಎಂಬುದು ಇಲ್ಲಿ ಮುಖ್ಯ.

ಇಡಿಯಾದ ಎಸಳಿಗೆ ವಾಸನೆ ಕಡಿಮೆ. ಅದರ ಜೀವಕೋಶಗಳಲ್ಲಿ ಅಲೀನ್ ಎಂಬ ಗಂಧಕಯುಕ್ತ ವಸ್ತುವೂ ಅಲಿನೇಸ್ ಎಂಬ ಕಿಣ್ವವೂ ಬೇರೆ ಬೇರೆ ಕಡೆ ಇರುತ್ತವೆ. ಕೊಯ್ದಾಗ, ಜಜ್ಜಿದಾಗ ಕೋಶಗಳು ಒಡೆದು ಇವೆರಡೂ ಕೂಡುತ್ತವೆ; ಕ್ಷಣಗಳಲ್ಲಿ ಅಲಿಸಿನ್ ಹುಟ್ಟುತ್ತದೆ. ನಾಲಗೆಯನ್ನು ಚುರುಗುಟ್ಟಿಸುವುದು ಮುಖ್ಯವಾಗಿ ಇದೇ. ಅಮೆರಿಕದ ಕ್ಯಾವಲಿಟೊ ಮತ್ತು ಬೈಲಿ 1944ರಲ್ಲಿ ಇದನ್ನು ಬೇರ್ಪಡಿಸಿ ವಿವರಿಸಿದರು. ಕೋಶಗಳು ಹೆಚ್ಚು ಒಡೆದಷ್ಟೂ ಘಾಟು ಹೆಚ್ಚುವುದರಿಂದ, ಬಿಲ್ಲೆಯಾಗಿ ಕೊಯ್ದರೆ ಸೌಮ್ಯವಾಗಿರುವ ಎಸಳೇ ನುಣ್ಣಗೆ ಅರೆದಾಗ ತೀಕ್ಷ್ಣವಾಗುತ್ತದೆ.

ಅತ್ಯಂತ ಸರಳವಾದ ಕ್ರಮವೆಂದರೆ ಎಸಳನ್ನು ಅಡ್ಡಲಾಗಿ ಕೊಯ್ದು ಬೋಗುಣಿಯ ಒಳಮೈಗೆ ಉಜ್ಜುವುದು. ಉಜ್ಜಿದ ಎಸಳನ್ನು ತೆಗೆದಿಟ್ಟು, ಅದೇ ಬೋಗುಣಿಯಲ್ಲಿ ಸೊಪ್ಪನ್ನು ಕಲಸುತ್ತಾರೆ. ನೈಋತ್ಯ ಫ್ರಾನ್ಸಿನಲ್ಲಿ ಒಣಗಿದ ಬ್ರೆಡ್ಡಿನ ಗಟ್ಟಿ ಅಂಚಿಗೆ ಬೆಳ್ಳುಳ್ಳಿ ಉಜ್ಜಿ ಸಲಾಡಿನೊಳಗೆ ಹಾಕುತ್ತಾರೆ. ಈ ತುಂಡಿಗೆ ಶಾಪೋಂ ಎಂದು ಹೆಸರು. ಬ್ರೆಡ್ಡಿನ ಒರಟು ಮೈ ಎಸಳನ್ನು ತುರಿಮಣೆಯಂತೆ ಸವೆಸುತ್ತದೆ, ರಸವನ್ನೂ ಹೀರಿಕೊಳ್ಳುತ್ತದೆ. ಎಳೆ ಲೆಟಿಸಿನಂಥ ಮೃದು ಸೊಪ್ಪಿಗೆ ಇದಕ್ಕಿಂತ ಹೆಚ್ಚಿನ ಬೆಳ್ಳುಳ್ಳಿ ಬೇಕಿಲ್ಲ.

ಡ್ರೆಸಿಂಗಿನೊಳಗೇ ಬೆಳ್ಳುಳ್ಳಿ ಸೇರಬೇಕಾದರೆ ಹುಳಿ ನೆರವಿಗೆ ಬರುತ್ತದೆ. ಪಿಎಚ್ ಸುಮಾರು 3ಕ್ಕಿಂತ ಕೆಳಗಿಳಿದರೆ ಅಲಿನೇಸ್ ಕೆಲಸ ನಿಲ್ಲಿಸುತ್ತದೆ. ನಿಂಬೆರಸದ ಹುಳಿ ಇದಕ್ಕೆ ಸಾಕು. ಎಸಳನ್ನು ನಿಂಬೆರಸದಲ್ಲಿ ಮುಳುಗಿಸಿಯೇ ಅರೆದು, ಸ್ವಲ್ಪ ಹೊತ್ತು ಬಿಟ್ಟು ಸೋಸಿಕೊಂಡರೆ ಘಮ ಉಳಿದು ಉರಿ ತಗ್ಗುತ್ತದೆ. ಮೊದಲೇ ಜಜ್ಜಿಟ್ಟು ಆಮೇಲೆ ಹುಳಿ ಹಿಂಡಿದರೆ ಅಷ್ಟು ಪ್ರಯೋಜನವಿಲ್ಲ. ಅಷ್ಟರಲ್ಲಿ ಅಲಿಸಿನ್ ಹುಟ್ಟಿಯಾಗಿರುತ್ತದೆ.

ಬಿಸಿಯೂ ಕಿಣ್ವವನ್ನು ಕೆಡಿಸುತ್ತದೆ. ಸಿಪ್ಪೆಯ ಸಮೇತ ಇಡೀ ಎಸಳುಗಳನ್ನು ಕುದಿಸಿ, ಇಲ್ಲವೇ ಇಡೀ ಗಡ್ಡೆಯನ್ನು ಓವನ್ನಿನಲ್ಲಿ ಮೆತ್ತಗಾಗುವವರೆಗೆ ಸುಟ್ಟು, ತಿರುಳನ್ನು ಎಣ್ಣೆ ಮತ್ತು ವಿನಿಗರಿನೊಂದಿಗೆ ಕಡೆಯುತ್ತಾರೆ. ಹೀಗೆ ಮಾಡಿದ ಡ್ರೆಸಿಂಗ್ ಸಿಹಿಯಾಗಿ, ಮಂದವಾಗಿ ಇರುತ್ತದೆ.

ಬೆಳ್ಳುಳ್ಳಿಯ ಗುಣ ಹತ್ತಿಸಿದ ಎಣ್ಣೆಗೆ ಹೆಸರಾದುದು ಸೀಸರ್ ಸಲಾಡ್. ಇಟಲಿಯಿಂದ ವಲಸೆ ಬಂದ ಸೀಸರ್ ಕಾರ್ಡಿನಿ ಮೆಕ್ಸಿಕೊದ ತಿಹುವಾನಾದಲ್ಲಿದ್ದ ತನ್ನ ಹೋಟೆಲಿನಲ್ಲಿ 1924ರಲ್ಲಿ ಇದನ್ನು ಮೊದಲು ಮಾಡಿದನೆಂಬುದು ಪ್ರಚಲಿತ ಕಥನ. ಇಂದು ಬಾಟಲಿಗಳಲ್ಲಿ ಸಿಗುವ ಸೀಸರ್ ಡ್ರೆಸಿಂಗಿನಲ್ಲಿ ಬೆಳ್ಳುಳ್ಳಿ ಪುಡಿಯ ಅಬ್ಬರವೇ ಹೆಚ್ಚು. ಅದನ್ನು ಮೂಲದ ಹದವೆಂದು ತಿಳಿಯಬಾರದು.

ಕರ್ನಾಟಕದ ಕೋಸಂಬರಿಗೆ ಬೆಳ್ಳುಳ್ಳಿ ಹಾಕುವ ವಾಡಿಕೆಯಿಲ್ಲ. ರಾಮನವಮಿಯಂಥ ಹಬ್ಬಗಳಲ್ಲಿ ಅದು ನೈವೇದ್ಯವಾಗುವುದು ಇದಕ್ಕೊಂದು ಕಾರಣ. ಆ ಜಾಗವನ್ನು ಒಗ್ಗರಣೆಯ ಇಂಗು ತುಂಬುತ್ತದೆ. ಇಂಗಿನ ವಾಸನೆಗೂ ಗಂಧಕದ ಸಂಯುಕ್ತಗಳೇ ಮೂಲ. ಬಸ್ಸಾರಿಗೆ, ಸೊಪ್ಪಿನ ಪಲ್ಯಕ್ಕೆ ಜಜ್ಜಿದ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿಯುವುದರಲ್ಲೂ ಬಿಸಿಯಿಂದ ಘಾಟು ಇಳಿಸುವ ತತ್ವವೇ ಇದೆ.

ಹಸಿ ಬೆಳ್ಳುಳ್ಳಿ ಮುಳುಗಿಸಿದ ಎಣ್ಣೆಯನ್ನು ಹೊರಗೆ ಇಡುವುದು ಅಪಾಯಕರ. ಮಣ್ಣಿನಿಂದ ಬೆಳ್ಳುಳ್ಳಿಗೆ ಅಂಟಿ ಬರುವ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಬೀಜಾಣುಗಳು ಗಾಳಿಯಾಡದ, ಹುಳಿಯಿಲ್ಲದ ಎಣ್ಣೆಯೊಳಗೆ ಮೊಳೆತು ಮಾರಕ ವಿಷವನ್ನು ಉಂಟುಮಾಡಬಲ್ಲವು. ಆ ವಿಷದಿಂದ ಎಣ್ಣೆಯ ರುಚಿ, ವಾಸನೆ ಬದಲಾಗಬೇಕೆಂದೇನೂ ಇಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಇಂಥ ಬೆಳ್ಳುಳ್ಳಿಯಿಂದ ಹಲವರು ಬಾಟುಲಿಸಮ್‌ಗೆ ತುತ್ತಾದರು. ಮನೆಯಲ್ಲಿ ಮಾಡಿದ ಬೆಳ್ಳುಳ್ಳಿ ಎಣ್ಣೆಯನ್ನು ಫ್ರಿಜ್ಜಿನಲ್ಲೇ ಇಟ್ಟು 4 ದಿನಗಳೊಳಗೆ ಬಳಸಬೇಕು, ಉಳಿದದ್ದನ್ನು ಚೆಲ್ಲಬೇಕು.