ಸೀಮೆಎಣ್ಣೆ
ಸೀಮೆಎಣ್ಣೆಯು ಕಚ್ಚಾ ತೈಲದಿಂದ ಬಟ್ಟಿ ಇಳಿಸಿ ಪಡೆಯುವ ಇಂಧನ. ಕಲಬುರಗಿ ನಗರ, ಕಮಲಾಪುರ ಸೇರಿದಂತೆ ಉತ್ತರ ಕರ್ನಾಟಕದಲ್ಲಿ ಇದಕ್ಕೆ ಚಿಮಣಿ ಎಣ್ಣೆ ಎಂಬ ಹೆಸರೂ ಇದೆ. ಬತ್ತಿಯ ಸ್ಟೌವ್ ಹಾಗೂ ಕೋಣೆಯ ಹೀಟರುಗಳಿಗೆ ಶುದ್ಧ ಸೀಮೆಎಣ್ಣೆಯೇ ತಕ್ಕ ಇಂಧನ.

ಪಡಿತರ ಎಣ್ಣೆಗೆ ನೀಲಿ ಬಣ್ಣ ಬೆರೆಸುವುದು ಅದರ ಅಕ್ರಮ ಬಳಕೆಯನ್ನು ಪತ್ತೆಹಚ್ಚಲು. ಅದು ಶುದ್ಧತೆಯ ಗುರುತಲ್ಲ. ಡೀಸೆಲ್ ಬಳಸಿದರೆ ಬತ್ತಿಗೆ ಮಸಿ ಕಟ್ಟುತ್ತದೆ. ಪೆಟ್ರೋಲ್ ಸ್ವಲ್ಪ ಬೆರೆತರೂ ಬೆಂಕಿ ಭುಗಿಲೇಳುವ ಅಪಾಯವಿದೆ.

ಕಿಡಿ ತಾಗಿದಾಗ ಎಣ್ಣೆಯ ಆವಿ ಹೊತ್ತಿಕೊಳ್ಳುವ ಕನಿಷ್ಠ ಉಷ್ಣಾಂಶವನ್ನು ಜ್ವಲನಬಿಂದು ಎನ್ನುತ್ತಾರೆ. ಭಾರತೀಯ ಮಾನಕದಂತೆ ಸೀಮೆಎಣ್ಣೆಯಲ್ಲಿ ಇದು 35 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬಾರದು. ಕಲಬುರಗಿಯ ಬೇಸಿಗೆ 40 ಡಿಗ್ರಿ ಮೀರುವುದರಿಂದ, ಶುದ್ಧ ಎಣ್ಣೆಯನ್ನೂ ಮುಚ್ಚಿದ ಡಬ್ಬಿಯಲ್ಲಿ, ನೆರಳಿನಲ್ಲಿ ಇಡುವುದು ಅಗತ್ಯ. ಉರಿ ಆರಿಸಿ, ಸ್ಟೌವ್ ತಣ್ಣಗಾದ ಮೇಲೆಯೇ ಎಣ್ಣೆ ತುಂಬಬೇಕು.